ಮೊಬೈಲ್ ಪರದೆಯ ಬೆಳಕಿಗೂ ಕಾವಿನ ಹದ ಬೇಕು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಿನ ಮೊಬೈಲ್ ಅಂಗಡಿಗೆ ಹೋದರೂ ಈಗ ‘ಅಮೋಲೆಡ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಆ ಪರದೆ ಇದ್ದರೆ ರೇಟೂ ಸ್ವಲ್ಪ ಹೆಚ್ಚು. ಅದರೊಳಗೆ ಏನಿದೆ ಎಂದು ಹುಡುಕುತ್ತ ಹೋದ ನಮಗೆ ಸಿಕ್ಕಿದ್ದು ಕಾವಿನ ಕತೆ.

ಎಲ್‌ಸಿಡಿ ಪರದೆಗೆ ಹಿಂದಿನಿಂದ ದೀಪ ಬೇಕು. ಓಎಲ್‌ಇಡಿಗೆ ಬೇಡ. ಅಲ್ಲಿ ಇಂಗಾಲದ ಸಂಯುಕ್ತಗಳ ತೆಳುಪದರವೇ ಕರೆಂಟು ಹರಿದಾಗ ಬೆಳಗುತ್ತದೆ. ಅಮೋಲೆಡ್ ಇದರದೇ ಒಂದು ಬಗೆ. 1987ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಇಂಥ ದೀಪವನ್ನು 10 ವೋಲ್ಟಿಗೂ ಕಡಿಮೆಯಲ್ಲಿ ಬೆಳಗಿಸಿ ತೋರಿಸಿದರು. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ವಸ್ತುವನ್ನು ಕಾಯಿಸಿ ಆವಿ ಮಾಡಿ, ಆ ಆವಿಯನ್ನೇ ಗಾಜಿನ ಮೇಲೆ ಪದರವಾಗಿ ಕೂರಿಸಿದ್ದರು. ಒಟ್ಟು ದಪ್ಪ ತಲೆಗೂದಲಿನ ಸುಮಾರು ಐನೂರರಲ್ಲಿ ಒಂದು ಪಾಲು.

1990ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಜೆರೆಮಿ ಬರೋಸ್, ಡೋನಲ್ ಬ್ರಾಡ್ಲಿ, ರಿಚರ್ಡ್ ಫ್ರೆಂಡ್ ಮತ್ತು ಸಂಗಡಿಗರು ಪಿಪಿವಿ ಎಂಬ ಪ್ಲಾಸ್ಟಿಕ್‌ನಿಂದ ಹಳದಿ-ಹಸಿರು ಬೆಳಕು ಪಡೆದರು. ಪಿಪಿವಿ ಯಾವ ದ್ರಾವಣದಲ್ಲೂ ಕರಗದು. ಹಾಗಾಗಿ ಕರಗುವ ಇನ್ನೊಂದು ವಸ್ತುವನ್ನು ಗಾಜಿಗೆ ಬಳಿದು, ಗಾಳಿಯಿಲ್ಲದಲ್ಲಿ 250 ಡಿಗ್ರಿಗೂ ಮೇಲೆ ಸುಮಾರು 10 ತಾಸು ಕಾಯಿಸಿದರು. ಕಾದ ಮೇಲೆಯೇ ಅದು ಪಿಪಿವಿ ಆದದ್ದು.

ಬೆಳಕು ಕೊಟ್ಟ ಕಾವೇ ಅದನ್ನು ಕೆಡಿಸಲೂಬಲ್ಲದು. ಮೊದಲ ವರ್ಷಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಟಿಪಿಡಿ ಎಂಬ ಪದರ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತಿತ್ತು. ಹದ ತಪ್ಪಿದ ಸಕ್ಕರೆ ಪಾಕ ಹರಳುಗಟ್ಟುವಂತೆ ಅದೂ ಹರಳುಗಟ್ಟಿ, ನುಣುಪು ಹೋಗಿ, ದೀಪ ಹಾಳಾಗುತ್ತಿತ್ತು. ಹಾಗಾಗಿ 95 ಡಿಗ್ರಿ ಸುಮಾರಿನವರೆಗೆ ತಾಳುವ ಎನ್‌ಪಿಬಿ ಅದರ ಜಾಗಕ್ಕೆ ಬಂತು.

ಈ ಕತೆಯಲ್ಲಿ ನಮ್ಮ ಕರ್ನಾಟಕದ ಪಾಲೂ ಇದೆ. 2000ದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಕೃಷ್ಣನ್ ಅವರ ತಂಡ ಪಿಪಿವಿಯ ಸಂಬಂಧಿಯಾದ ಎಂಇಎಚ್-ಪಿಪಿವಿ ಮೇಲಿನ ಕೆಲಸ ಪ್ರಕಟಿಸಿತು. ಅದರ ಮೂಲವಸ್ತುವಿನ ಉದ್ದನೆಯ ಸರಪಳಿಗೆ ಎರಡು ಬಗೆಯ ಕೊಂಡಿಗಳನ್ನು ಹಾಕಿದರು. ಹದವಾಗಿ ಕಾಯಿಸಿದಾಗ ಒಂದು ಬಗೆಯವು ಮಾತ್ರ ಕಳಚಿದವು. ಕಳಚಿದವು ಹೆಚ್ಚಿದ್ದರೆ ಬಣ್ಣ ಕಿತ್ತಳೆಯ ಕಡೆಗೆ, ಕಡಿಮೆ ಇದ್ದರೆ ನೀಲಿಯ ಕಡೆಗೆ. ಒಂದೇ ವಸ್ತುವಿನ ಬಣ್ಣವನ್ನು ಬೇಕಾದಂತೆ ಹೊಂದಿಸುವ ದಾರಿ ಹೀಗೆ ಸಿಕ್ಕಿತು.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ಈ ಪದರಗಳು ಬಳಸಿದಷ್ಟೂ ಸವೆಯುತ್ತವೆ, ಸೆಖೆಯಲ್ಲಿ ಇನ್ನೂ ಬೇಗ. ಅದರಲ್ಲೂ ನೀಲಿ ಮೊದಲು ಮಂಕಾಗುತ್ತದೆ. ದೊಡ್ಡ ಕಂಪನಿಗಳೇ ಫೋನನ್ನು 35 ಡಿಗ್ರಿಯೊಳಗೆ ಬಳಸಿ ಎನ್ನುತ್ತವೆ. ನಮ್ಮ ಏಪ್ರಿಲ್ ಬಿಸಿಲು ಎಷ್ಟೋ ದಿನ ಅದನ್ನು ದಾಟುತ್ತದೆ. ಟ್ರ್ಯಾಕ್ಟರ್ ಮೇಲೆ, ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿ, ಪರದೆ ಪೂರ್ತಿ ಬೆಳಗಿಸಿಟ್ಟ ಫೋನಿಗೆ ಹೊರಗಿನ ಕಾವಿನ ಜೊತೆ ಒಳಗಿನ ಕಾವೂ ಸೇರುತ್ತದೆ. ಸಾಲ ಮಾಡಿ ಕೊಂಡ ಫೋನಾದರೆ ನೆರಳಿನಲ್ಲಿಡಿ, ಬೆಳಕು ತುಸು ತಗ್ಗಿಸಿ.