ಹಳೆಯ ಡೀಸೆಲ್ ಸೆಡಾನ್ ಚಕ್ರಗಳು: ಪುಣೆಯ ಡಬ್ಲ್ಯೂ124
1995ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ, ಟೆಲ್ಕೊ ಕಂಪನಿಯ ಆವರಣದಲ್ಲಿ ಮರ್ಸಿಡಿಸ್-ಬೆಂಜ್ ಡಬ್ಲ್ಯೂ124ರ ಜೋಡಣೆ ಶುರುವಾಯಿತು. ಅದರ ಡೀಸೆಲ್ ಮಾದರಿ ಇ 250 ಡಿ, ಕುರಕುಂಭ ಹಾದು ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯಂಥ ದೂರದ ದಾರಿಗೆ ಹೇಳಿ ಮಾಡಿಸಿದ ಕಾರು. ಡಬ್ಲ್ಯೂ124ರ ಸಾಮಾನ್ಯ ಚಕ್ರವೆಂದರೆ 15 ಇಂಚಿನ ಉಕ್ಕಿನ ರಿಮ್, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ, 195/65 ಟಯರು. ಐದು ಬೋಲ್ಟ್‌ಗಳ ವೃತ್ತದ ವ್ಯಾಸ 112 ಮಿ.ಮೀ. ಐಚ್ಛಿಕವಾಗಿ ಅಲಾಯ್ ಚಕ್ರವೂ ಇತ್ತು.

ಚಕ್ರ ಬದಲಿಸುವಾಗ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಬೋಲ್ಟ್. ಅಲಾಯ್ ದಪ್ಪ, ಅದಕ್ಕೆ ಉದ್ದನೆಯ ಬೋಲ್ಟ್ ಬೇಕು. ಅದನ್ನೇ ಉಕ್ಕಿನ ಸ್ಟೆಪ್ನಿಗೆ ಬಿಗಿದರೆ ತುದಿ ಒಳಗೆ ಚಾಚಿ ಹಿಂಬದಿಯ ಪಾರ್ಕಿಂಗ್ ಬ್ರೇಕ್ ಭಾಗಗಳಿಗೆ ತಾಗಬಹುದು. ಮೂಲ ಬೋಲ್ಟ್‌ನ ತಲೆಯ ಕೆಳಭಾಗ ಗೋಲಿಯಂತೆ ದುಂಡಗೆ. ಶಂಕುವಿನಾಕಾರದ ಬೇರೆ ಬೋಲ್ಟ್ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಓಡಾಟದಲ್ಲಿ ಸಡಿಲಗೊಳ್ಳುತ್ತದೆ.