ಬೆರಳಚ್ಚಿನ ಬೆಲೆ

ಗದಗ-ಬೆಟಗೇರಿಯಲ್ಲಿ ಸೆಟ್ಲಮೆಂಟ್ ಅಂತ ಒಂದು ವಸತಿ ಅದ. ಆ ಹೆಸರು ಇಂಗ್ಲಿಷರು ಬಿಟ್ಟುಹೋದ ಗಾಯ. 1871ರಲ್ಲಿ ಅವರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು; 1911ರಲ್ಲಿ ಅದನ್ನು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿಸಿದರು. ಅಲೆದು ಬದುಕುತ್ತಿದ್ದ ಜನರನ್ನು ಹುಟ್ಟುಕಳ್ಳರು ಎಂದರು. ಗಂಟಿಚೋರ ಅನ್ನುವ ಹೆಸರೇ ಒಂದು ತೀರ್ಪು.

ಈ ಕಾಯ್ದೆ ನಿಂತಿದ್ದು ರಜಿಸ್ಟರಿನ ಮೇಲೆ. ಹೆಸರು, ಬೆರಳಚ್ಚು, ಹಾಜರಿ. ಪಾಸ್ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಮುಂಡರಗಿ ಇಂಗ್ಲಿಷರದು. ಸಂತೆಗೆ ಹೋಗುವ ಗಾಡಿ ಈ ಗಡಿಗಳನ್ನು ದಾಟತಿತ್ತು. ರಜಿಸ್ಟರಿನಾಗ ಹೆಸರಿದ್ದವನಿಗೆ ಸೆಟ್ಲಮೆಂಟಿನ ಬೇಲಿಯೇ ಗಡಿ.

ಲಾಭ ಯಾರಿಗಾತು? ಮುಂಬಯಿ ಪ್ರಾಂತದ ಸೆಟ್ಲಮೆಂಟುಗಳ ಜನ ಹುಬ್ಬಳ್ಳಿ, ಸೊಲ್ಲಾಪುರದ ಗಿರಣಿಗಳಲ್ಲಿ ದುಡಿದರು. ಬಿಟ್ಟುಹೋಗಲಾರದ ಕೂಲಿಕಾರ ಗಿರಣಿಗೆ ಸಿಕ್ಕ. ಕಾಗದದ ಮೇಲಿನ ಮಾಹಿತಿ ಹೀಗೆ ರೊಕ್ಕವಾತು.

ಗೆಳೆಯರೆ, ಈಗ ನಮ್ಮ ಬೆರಳು ಮೊಬೈಲಿನ ಗಾಜಿನ ಮೇಲೆ ಅದ. ಮುಂಡರಗಿಯ ರೈತ ಉಳ್ಳಾಗಡ್ಡಿ ರೇಟು ಹುಡುಕತಾನ. ಶಿರಹಟ್ಟಿಯ ಹುಡುಗಿ ನೌಕರಿ ಹುಡುಕತಾಳ. ಪುಕ್ಕಟೆ ಅಂತ ತಿಳೀತಾರ. ಕಂಪನಿ ಎರಡನ್ನೂ ಬರೆದುಕೊಂಡು, ಅವರ ಗಮನವನ್ನು ಜಾಹೀರಾತುದಾರರಿಗೆ ಹರಾಜು ಹಾಕತದ. ಫೇಸ್‌ಬುಕ್, ವಾಟ್ಸಾಪ್‌ಗಳ ಒಡೆಯನಾದ ಮೆಟಾ ಕಂಪನಿಗೆ 2024ರಲ್ಲಿ ಬಂದ ಆದಾಯ ಸುಮಾರು 164 ಶತಕೋಟಿ ಡಾಲರ್. ಅದರಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಜಾಹೀರಾತಿನದು. ವಾಟ್ಸಾಪಿನ 2021ರ ಷರತ್ತುಗಳಿಗಾಗಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಅದಕ್ಕೆ 213 ಕೋಟಿ ರೂಪಾಯಿ ದಂಡ ಹಾಕಿತು. ಒಪ್ಪು, ಇಲ್ಲಾ ಬಿಡು: ಇದೇ ಆ ಷರತ್ತು.

ಎರಡೂ ಒಂದೇ ಅಲ್ಲ. ಅಲ್ಲಿ ಪೊಲೀಸರ ಬಲವಂತ. ಇಲ್ಲಿ ಗುಂಡಿ ಒತ್ತುವವರು ನಾವೇ. ಆದರೆ ಬರೆಸಿಕೊಂಡವನಿಗೆ ಲಾಭದ ಲೆಕ್ಕ ತೋರಿಸದ ಪದ್ಧತಿ ಒಂದೇ.

ದಾಖಲೆ ಸುಲಭಕ್ಕೆ ಸಾಯುವುದಿಲ್ಲ. ಆ ಕಾಯ್ದೆ 1952ರ ಆಗಸ್ಟ್ 31ರಂದು ದೇಶದಲ್ಲಿ ರದ್ದಾಯಿತು. 1961ರಲ್ಲಿ ನಮ್ಮ ರಾಜ್ಯದಲ್ಲೇ ರೂಢಿಗತ ಅಪರಾಧಿಗಳ ಕಾಯ್ದೆ ಬಂತು; ರಜಿಸ್ಟರು ಮತ್ತೆ ತೆರೆಯಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು ಹೇಳಿತು. ವೈಯಕ್ತಿಕ ಮಾಹಿತಿ ರಕ್ಷಿಸುವ 2023ರ ಕಾಯ್ದೆಯಲ್ಲಿ ನಮ್ಮ ಮಾಹಿತಿ ಏನಿದೆ ಎಂದು ಕೇಳುವ, ಅಳಿಸಲು ಹೇಳುವ ಹಕ್ಕು ಬರೆದದ. ಲಾಭದಲ್ಲಿ ಪಾಲು ಕೇಳುವ ಮಾತು ಮಾತ್ರ ಇಲ್ಲ.

ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸಹಕಾರಿ ಸಂಘ ಕಟ್ಟಿ, ಸಾಲದ ಲೆಕ್ಕ ತಾವೇ ಇಟ್ಟರು. ಸಾಹುಕಾರನ ಖಾತೆಪುಸ್ತಕಕ್ಕೆ ಅದು ಉತ್ತರ. ಕಂಪನಿಯ ಖಾತೆಪುಸ್ತಕಕ್ಕೆ ನಮ್ಮ ಉತ್ತರ ಏನು?