ಬೈನಾದ ಓಣಿ ಮತ್ತು ಅಜ್ಜಿಯರ ಕೌದಿ

ರೋಣ, ನರಗುಂದ, ಗಜೇಂದ್ರಗಡದ ಕಡೆಯವರಿಗೆ 'ಗುಳೆ' ಎಂಬ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಎರೆಹೊಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ, ಮನೆಗೆ ಕೀಲಿ ಬೀಳುತ್ತದೆ. ಒಂದು ಗಂಟಿನಲ್ಲಿ ರೊಟ್ಟಿ, ಇನ್ನೊಂದು ಗಂಟಿನಲ್ಲಿ ಕೌದಿ. ನರಗುಂದ ಎಂದ ಕೂಡಲೇ ನಮಗೆ 1858ರ ಬಾಬಾಸಾಹೇಬನ ಬಂಡಾಯ ನೆನಪಾಗುತ್ತದೆ, 1980ರ ಜುಲೈ 21ರ ಗೋಲಿಬಾರು ನೆನಪಾಗುತ್ತದೆ. ವರ್ಷಾವರ್ಷ ಆ ದಿನ ರೈತ ಹುತಾತ್ಮರಿಗೆ ಮಾಲೆ ಹಾಕುತ್ತೇವೆ. ಅದು ಆಗಲೇಬೇಕು. ಆದರೆ ಬಂಡಾಯವನ್ನೂ ಮಾಡದೆ, ಸುದ್ದಿಯೂ ಆಗದೆ, ರೈಲು ಹತ್ತಿ ಹೋದವರ ಇತಿಹಾಸ ಯಾರ ಹತ್ತಿರ ಇದೆ?

ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದದ್ದು 1961ರ ಡಿಸೆಂಬರ್ 19ರಂದು. ಆಮೇಲೆ ಅಲ್ಲಿ ರಸ್ತೆ, ಸೇತುವೆ, ಬಂದರು, ಕಾರ್ಖಾನೆ ಎಂದು ಕೆಲಸಗಳು ಶುರುವಾದವು, ಕಲ್ಲು ಹೊರಲು ಕೈಗಳು ಬೇಕಾದವು. ಹೊಳೆಆಲೂರಲ್ಲೋ ಗದಗಿನಲ್ಲೋ ಗಾಡಿ ಹತ್ತಿದರೆ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ ದಾಟಿ ವಾಸ್ಕೋ. ಗಜೇಂದ್ರಗಡದವರಿಗೆ ರೈಲಿಲ್ಲ, ಅವರು ಮೊದಲು ಬಸ್ಸು ಹಿಡಿಯಬೇಕು. ವಾಸ್ಕೋದ ಸಮುದ್ರ ದಂಡೆಯ ಬೈನಾದಲ್ಲಿ, ಮಾಂಗೋರ್ ಹಿಲ್‌ನಲ್ಲಿ, 'ಬಿರ್ಲಾ' ಎಂದೇ ನಮ್ಮವರು ಕರೆಯುವ ಝುವಾರಿನಗರದಲ್ಲಿ, ಮಡಗಾಂವಿನ ಮೋತಿಡೊಂಗರದಲ್ಲಿ ತಗಡು, ತಾಡಪತ್ರಿಯ ಮನೆಗಳೆದ್ದವು. ಗದಗ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯ ಕನ್ನಡವೆಲ್ಲ ಅಲ್ಲಿ ಒಂದೇ ನಳದ ಮುಂದೆ ಕೊಡ ಹಿಡಿದು ನಿಂತಿತು. ಊರಿನವರು ಇವರನ್ನು 'ಘಾಂಟಿ' ಎಂದರು. ಘಟ್ಟದ ಮೇಲಿನವರು ಎಂದಷ್ಟೇ ಅದರ ಅರ್ಥ, ಆದರೆ ಕರೆಯುವ ದನಿಯಲ್ಲಿ ಅಷ್ಟೇ ಇರುವುದಿಲ್ಲ ಬಿಡಿ.

ಬೈನಾದ ಮಾತು ಬಂದರೆ ಒಂದು ತೊಡಕಿದೆ. ಆ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಅಲ್ಲಿದ್ದ ವೇಶ್ಯಾವಾಟಿಕೆ. ಅಲ್ಲಿಗೆ ಹೋಗಿ ಸಿಕ್ಕಿಬಿದ್ದ ಹೆಣ್ಣುಮಕ್ಕಳಲ್ಲಿ ಉತ್ತರ ಕರ್ನಾಟಕದ ದೇವದಾಸಿ ಮನೆತನಗಳವರೂ ಇದ್ದರು, ಮತ್ತು ಸವದತ್ತಿ ನರಗುಂದದಿಂದ ದೂರವೇನಲ್ಲ. ಅದೇ ಓಣಿಗಳ ಪಕ್ಕದಲ್ಲೇ ಗೌಂಡಿ ಕೆಲಸದವರು, ಮೀನು ಹೊರುವವರು, ಹಮಾಲರು ಮಕ್ಕಳನ್ನು ಸಾಕುತ್ತಿದ್ದರು. 2004ರ ಜೂನ್‌ನಲ್ಲಿ ಕೋರ್ಟ್ ಆದೇಶದ ಬೆನ್ನಿಗೆ ಗೋವಾ ಸರ್ಕಾರ ಬುಲ್ಡೋಜರ್ ನುಗ್ಗಿಸಿತು, ಅದೂ ಮಳೆಗಾಲ ಶುರುವಾದ ಹೊತ್ತಿಗೆ. 2015ರಲ್ಲಿ ದಂಡೆಯ ಮನೆಗಳು ಮತ್ತೆ ಬಿದ್ದವು. ಸರ್ಕಾರದ ಕಡತದಲ್ಲಿ ಅವು 'ಅತಿಕ್ರಮಣ'. ಮುರಿದ ಮನೆಗಳವರಲ್ಲಿ ಎಷ್ಟೋ ಜನರ ಹತ್ತಿರ ಗೋಡೆಯ ಫೋಟೋ ಕೂಡ ಉಳಿದಿರಲಿಕ್ಕಿಲ್ಲ.

ಈಗ ಹೋಗಿ ಮುದುಕರನ್ನು ಕೇಳೋಣ ಎಂದರೆ, ಬೈನಾದಲ್ಲಿ ಇದ್ದೆ ಎಂದು ಯಾರು ಹೇಳುತ್ತಾರೆ? ಮೊಮ್ಮಗಳ ಮದುವೆಯ ಮಾತು ನಡೆದಿರುತ್ತದೆ. 'ಗೋವಾದಾಗ ದುಡೀತಿದ್ವಿ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಟೇಪ್ ರೆಕಾರ್ಡರ್ ಎದುರಿಗಿಟ್ಟು, ಹೆಸರು, ವಯಸ್ಸು, ಊರು ಎಂದು ಕೇಳುವ ಪದ್ಧತಿ ಇಲ್ಲಿ ಸೋಲುತ್ತದೆ. ಹೆಸರು ಕೇಳದ, ಮುಖ ತೋರಿಸದ ದಾರಿ ಬೇಕು. ಅದಕ್ಕೇ ನನಗೆ ಕೌದಿ ನೆನಪಾಗುವುದು.

ನಮ್ಮ ಕಡೆ ಕೌದಿ ಎಂದರೆ ಬರೀ ಹೊದಿಕೆಯಲ್ಲ. 'ಇದು ನಮ್ಮವ್ವನ ಮದವಿ ಸೀರಿ, ಇದು ನಿಮ್ಮ ಅಜ್ಜಾರ ಧೋತರ, ಈ ಖಣ ನಿಮ್ಮ ಚಿಗವ್ವನ ಕುಬಸದ್ದು' ಎಂದು ತುಂಡು ತುಂಡಿಗೂ ಒಬ್ಬೊಬ್ಬರ ಹೆಸರು ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಹಳೆಯ ಕೌದಿ ಹರಿದರೆ ಎಸೆಯುವುದಿಲ್ಲ, ಅದರ ಮೇಲೆ ಹೊಸ ಅರಿವೆ ಹಾಕಿ ಮತ್ತೆ ಹೊಲಿಯುತ್ತಾರೆ. ಮೇಲಿನದು ಗೋವಾದ ಸಂತೆಯಲ್ಲಿ ಕೊಂಡ ಪಾಲಿಯೆಸ್ಟರ್ ಸೀರೆಯಾದರೆ, ಬಿಚ್ಚುತ್ತಾ ಹೋದಂತೆ ಒಳಗೆ ಇಳಕಲ್ಲಿನ ಸೆರಗು ಸಿಕ್ಕೀತು. ಊರು ಬಿಟ್ಟಾಗ ಜೊತೆಗೆ ಬಂದ ಕೌದಿ ಅದೇ ಇದ್ದರೂ ಇರಬಹುದು.

ಇದು ಬರೀ ಕನಸಲ್ಲ, ನಮ್ಮ ನೆರೆಯಲ್ಲೇ ಆಗಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರು ಪೋರ್ಚುಗೀಸರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ನಮ್ಮವರು ಹೊಟ್ಟೆಪಾಡಿಗೆ ಇಳಿದ ಘಟ್ಟವನ್ನೇ ಅವರು ಜೀವ ಉಳಿಸಿಕೊಳ್ಳಲು ಹತ್ತಿದ್ದು! ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಬಣ್ಣದ ತುಂಡುಗಳನ್ನು ಹೊಲಿಯುತ್ತಾರೆ, ಅದಕ್ಕೆ 'ಫೂಲ' ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2004ರ ಸುಮಾರಿಗೆ ಈ ಹೆಂಗಸರ ಜೊತೆ ಕೆಲಸ ಮಾಡಿದರು, ಅವರದೇ ಸಹಕಾರಿ ಗುಂಪು ಹುಟ್ಟಿತು. 2011ರಲ್ಲಿ ಆ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಹಾರ್ಲೆಮ್ ಎಂದಾಗ ಇನ್ನೊಬ್ಬನನ್ನು ಹೇಳದೆ ಮುಂದೆ ಹೋಗಲಾಗದು. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಿಂದ ಕರಿಯ ಕೂಲಿಗಳು ಮೊದಲ ಮಹಾಯುದ್ಧದ ಕಾಲದಿಂದ ಉತ್ತರದ ಊರುಗಳಿಗೆ ರೈಲು ಹತ್ತಿದರು. ಅಂಥ ಒಂದು ಕುಟುಂಬದ ಹುಡುಗ ಜೇಕಬ್ ಲಾರೆನ್ಸ್ ಹಾರ್ಲೆಮ್‌ನಲ್ಲಿ ಬೆಳೆದ. ಓಣಿಯ ಹಿರಿಯರು ಹೇಳಿದ್ದನ್ನು ಕೇಳಿಕೊಂಡ, ಮುಂದೆ ಶೋಂಬರ್ಗ್ ಕೇಂದ್ರವಾದ ಅದೇ ಗ್ರಂಥಾಲಯದಲ್ಲಿ ಓದಿದ. 1941ರಲ್ಲಿ, 23ನೇ ವಯಸ್ಸಿಗೆ, 60 ಚಿಕ್ಕ ಹಲಗೆಗಳ ಮೇಲೆ ಆ ವಲಸೆಯನ್ನು ಬಿಡಿಸಿ ಮುಗಿಸಿದ. ಹಲಗೆಗಳನ್ನೆಲ್ಲ ಸಾಲಾಗಿ ಇಟ್ಟು ಒಂದು ಬಣ್ಣವನ್ನು ಎಲ್ಲದಕ್ಕೂ ಹಚ್ಚಿ, ಆಮೇಲೆ ಮುಂದಿನ ಬಣ್ಣ ತೆಗೆದುಕೊಳ್ಳುತ್ತಿದ್ದನಂತೆ. ಮೊದಲ ಹಲಗೆಯೇ ಸ್ಟೇಷನ್ನಿನ ನೂಕುನುಗ್ಗಲು. ಮುಖಗಳಿಗೆ ಕಣ್ಣುಮೂಗು ಅಷ್ಟಾಗಿ ಇಲ್ಲ, ಆದರೂ ಯಾರ ಕಥೆ ಅಂತ ಗೊತ್ತಾಗುತ್ತದೆ. ಮೊದಲೇ ಬಂದು ನೆಲೆನಿಂತಿದ್ದ ತಮ್ಮವರೇ ಹೊಸಬರನ್ನು ಕೀಳಾಗಿ ಕಂಡರು ಎಂಬುದನ್ನೂ ಅವನು ಬಿಡಲಿಲ್ಲ. ನನಗೆ ಅವನು ಹಿಡಿಸುವುದು ಅದಕ್ಕೆ. ಗೋವಾದಲ್ಲಿ ನೌಕರಿ ಹಿಡಿದು ಫ್ಲಾಟ್ ಕೊಂಡ ನಮ್ಮ ಕನ್ನಡಿಗರು ಜೋಪಡಿಯ ಕನ್ನಡಿಗರ ಬಗ್ಗೆ ಆಡುವ ಮಾತು ಕೇಳಿದವರಿಗೆ ಇದು ಅರ್ಥವಾದೀತು.

ನಮ್ಮಲ್ಲಿ ಲಾರೆನ್ಸ್ ಹುಟ್ಟುವ ತನಕ ಕಾಯಬೇಕಾಗಿಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ಹೋದವರು ಈಗ ಎಪ್ಪತ್ತೈದು, ಎಂಬತ್ತು ದಾಟಿದ್ದಾರೆ. ಮೊಮ್ಮಕ್ಕಳು ಕೊಂಕಣಿ, ಹಿಂದಿ ಆಡುತ್ತಾರೆ, ಅಜ್ಜಿಯ ಕನ್ನಡ ಅವರಿಗೆ ಅರ್ಧಂಬರ್ಧ. ಗಜೇಂದ್ರಗಡದಲ್ಲೋ ರೋಣದಲ್ಲೋ ಒಬ್ಬ ಡ್ರಾಯಿಂಗ್ ಮಾಸ್ತರರು ಮನಸ್ಸು ಮಾಡಿದರೆ ಸಾಕು. ಊರಿಗೆ ಮರಳಿದ ಮುದುಕಿಯರನ್ನು ಕಟ್ಟೆಯ ಮೇಲೆ ಕೂಡಿಸಿ, ಹೆಸರು ಕೇಳದೆ, ನಾಲ್ಕು ಬಣ್ಣದ ಅರಿವೆ, ಸೂಜಿ ದಾರ ಕೊಡಬೇಕು. ನಳ ಎಲ್ಲಿತ್ತು, ಸಮುದ್ರ ಯಾವ ಕಡೆ, ಮಳೆನೀರು ಯಾವ ಬಾಗಿಲಿಂದ ಒಳಗೆ ಬರುತ್ತಿತ್ತು, ಯಲ್ಲಮ್ಮನ ಜಗುಲಿ ಯಾರ ಮನೆಯಲ್ಲಿತ್ತು ಎಂದಷ್ಟೇ ಕೇಳಬೇಕು. ಸಮುದ್ರಕ್ಕೆ ಯಾವ ಬಣ್ಣದ ತುಂಡು ಹಾಕುವುದು ಎಂದು ಅವರವರಲ್ಲೇ ಜಗಳ ಶುರುವಾಗುತ್ತದೆ. ಓಣಿಯ ನಿಜವಾದ ನಕ್ಷೆ ಹೊರಗೆ ಬರುವುದು ಆಗಲೇ.